ಹುಗಿದ ಲಸಿಕೆಯ ಬಗ್ಗೆ ಗುಡದಪ್ಪ ಹೇಳಿ ಬರೆಸಿದ್ದು

ಗುಡದಪ್ಪ ತಂದೆ ದ್ಯಾಮಪ್ಪ ಮೇಲಿನಮನಿ, ವಯಸ್ಸು 53 ವರ್ಷ, ಉದ್ಯೋಗ: ಪಶು ಆಸ್ಪತ್ರೆಯ ಜವಾನ, ಸದ್ಯ ಅಮಾನತಿನಲ್ಲಿ, ಸಾ. ಕುಬಿಹಾಳ, ತಾ. ಕುಂದಗೋಳ, ಇಂದು ಠಾಣೆಗೆ ಹಾಜರಾಗಿ ಹೇಳಿ ಬರೆಸುವುದೇನೆಂದರೆ,

ನಾನು ನಮ್ಮೂರಿನಿಂದ ಆರು ಕಿಲೋಮೀಟರ್ ದೂರದ ಪಶು ಆಸ್ಪತ್ರೆಯಲ್ಲಿ 22 ವರ್ಷ ಕೆಲಸ ಮಾಡಿದ್ದೇನೆ. ದಿ. 12-06-2024ರಂದು ಬೆಳಿಗ್ಗೆ 10-40ಕ್ಕೆ ನಮ್ಮ ಡಾಕ್ಟರ್ ಸಾಹೇಬರು ಕುರಿ ಲಸಿಕೆಯ ಬಾಟಲಿಗಳಿದ್ದ ನಾಲ್ಕು ಡಬ್ಬಿಗಳನ್ನು ಹುಗಿಯಲು ಹೇಳಿದರು. ಫ್ರಿಜ್ ಕೆಟ್ಟು ಲಸಿಕೆ ಹಾಳಾಗಿತ್ತು. ಆಸ್ಪತ್ರೆಯ ಹಿಂದೆ, ಗೋಡೆಯಿಂದ 30 ಅಡಿ ದೂರದಲ್ಲಿ ನಾನೇ ತಗ್ಗು ತೋಡಿ ಹುಗಿದೆನು. ಮರುದಿನ ನೋಡಿದರೆ, ಅದೇ ಲಸಿಕೆಯನ್ನು ನಮ್ಮೂರ ಕುರಿಗಳಿಗೆ ಹಾಕಿದ್ದಾಗಿ ರಿಜಿಸ್ಟರಿನಲ್ಲಿ ಬರೆದಿತ್ತು.

ಜುಲೈ ಮೊದಲ ವಾರ ನಮ್ಮೂರ ಕುರಿಗಾರ ಅಮೋಘಸಿದ್ದಪ್ಪನು ಲಸಿಕೆ ಯಾವಾಗ ಬರುತ್ತದೆ ಎಂದು ಕೇಳಿದನು. ಇನ್ನೂ ಬಂದಿಲ್ಲ ಎಂದೆನು. ಅದೇ ತಿಂಗಳ 15ರಿಂದ 23ರೊಳಗೆ, ಆ ಲಸಿಕೆ ತಡೆಯಬೇಕಿದ್ದ ರೋಗವೇ ಬಂದು ಅವನ 54 ಕುರಿಗಳಲ್ಲಿ 43 ಸತ್ತವು. ಮಣ್ಣು ಮಾಡಲು ನಾನೂ ಹೋಗಿದ್ದೆನು. ಅದರಲ್ಲಿ ಎರಡು ಗಬ್ಬ ಇದ್ದವು. ಆಗಲೂ ನಾನು ಬಾಯಿ ಬಿಡಲಿಲ್ಲ.

ದಿ. 29-07-2024ರಂದು ಸಾಹೇಬರು ಮೀಟಿಂಗಿಗೆ ಹೋದಾಗ ತಗ್ಗು ತೆಗೆದು ಬಾಟಲಿಗಳ ಫೋಟೋ ಹೊಡೆದೆನು. ಮಗಳು ಶಿವಾನಿಯ ಕೈಯಿಂದ ಪತ್ರ ಬರೆಸಿ, ಹೆಸರು ಗುಪ್ತವಾಗಿಡಬೇಕೆಂದು ಕೇಳಿಕೊಂಡು, ಫೋಟೋ ಸಮೇತ ಮೇಲಧಿಕಾರಿಗಳಿಗೆ ರಜಿಸ್ಟರ್ ಟಪಾಲಿನಲ್ಲಿ ಕಳಿಸಿದೆನು.

ದಿ. 14-08-2024ರಂದು ಮಧ್ಯಾಹ್ನ 3ಕ್ಕೆ ಸಾಹೇಬರು ನನ್ನನ್ನು ಕರೆದು ಅದೇ ಪತ್ರವನ್ನು ಮೇಜಿನ ಮೇಲೆ ಇಟ್ಟರು. "ಮಗಳ ಅಕ್ಷರ ಛಲೋ ಅದಾವಲ್ಲೋ" ಎಂದರು. 21ಕ್ಕೆ ಅಮಾನತಿನ ಆದೇಶ ಬಂತು. ಲಸಿಕೆ ಕದ್ದು ಹುಗಿದವನು ನಾನೇ ಎಂದು ಅದರಲ್ಲಿದೆ. ನಾನು ಹೊಡೆದ ಫೋಟೋಗಳನ್ನೇ ಪುರಾವೆ ಎಂದು ಹಚ್ಚಿದ್ದಾರೆ. ಸಾಕ್ಷಿಯೆಂದು ಅಮೋಘಸಿದ್ದಪ್ಪನ ಸಹಿ ಇದೆ.

ಅಂದು ಸಂಜೆ 6ರ ಸುಮಾರಿಗೆ ಅವನು ನಮ್ಮ ಮನೆಗೆ ಬಂದು ಹೊಸ್ತಿಲ ಹೊರಗೇ ನಿಂತನು. ಸಹಿ ಮಾಡದಿದ್ದರೆ ಸತ್ತ ಕುರಿಗಳ ಪರಿಹಾರದ ಅರ್ಜಿ ಮುಂದೆ ಹೋಗುವುದಿಲ್ಲ ಎಂದು ಸಾಹೇಬರು ಹೇಳಿದರೆಂದು ತಿಳಿಸಿದನು. ನನ್ನ ಹೆಂಡತಿ ತಾಯವ್ವ, "ಒಳಗ ಬರ್ರಿ ಅಣ್ಣಾರ, ಚಾ ಕುಡೀರಿ" ಎಂದಳು. "ಯಾವ ಮಾರಿ ಇಟ್ಕೊಂಡು ಬರಲೆವ್ವಾ" ಎಂದು ಹೋದನು. ಅವನ ಮೇಲೆ ನನಗೆ ಸಿಟ್ಟಿಲ್ಲ.

ಗುಪ್ತವಾಗಿಡಲು ಕೇಳಿದ ಪತ್ರವನ್ನು ಸಾಹೇಬರ ಕೈಗೆ ಕೊಟ್ಟವರು ಯಾರೆಂದು ತನಿಖೆ ಮಾಡಬೇಕೆಂದು ದೂರು ಕೊಡಲು ಇಂದು ಬೆಳಿಗ್ಗೆ 9-30ಕ್ಕೆ ಠಾಣೆಗೆ ಬಂದೆನು. ಮಧ್ಯಾಹ್ನ 1-15ರವರೆಗೆ ಬೆಂಚಿನ ಮೇಲೆ ಕೂತೆನು. ನನ್ನ ಮೇಲೆ ನಿನ್ನೆಯೇ ಕಳವಿನ ಪ್ರಕರಣ ದಾಖಲಾಗಿದೆ, ಹಾಗಾಗಿ ಇದನ್ನು ದೂರು ಎಂದು ತೆಗೆದುಕೊಳ್ಳಲು ಬರುವುದಿಲ್ಲ, ಬೇಕಾದರೆ ಆರೋಪಿಯ ಹೇಳಿಕೆ ಎಂದು ಬರೆದುಕೊಳ್ಳುತ್ತೇವೆ ಎಂದು ಹವಾಲ್ದಾರರು ತಿಳಿಸಿದರು. ಹಂಗಾದರೂ ಬರಕೊಳ್ರಿ ಎಂದೆನು.

ಬರೆದದ್ದನ್ನು ಓದಿಸಿ ಕೇಳಿದ್ದೇನೆ. ನಾನು ಹೇಳಿದಂತೆಯೇ ಇದೆ, ಎಲ್ಲವೂ ಖರೆ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: 23-08-2024
ಆರೋಪಿಯ ಸಹಿ: ಗುಡದಪ್ಪ ದ್ಯಾ. ಮೇಲಿನಮನಿ