ಮಂಗಳವಾರದ ದಾಖಲೆ

...ಇಲ್ರೀ ಸುಗುಣಕ್ಕ, ನಿಮ್ಮ ಮುಂದ ಸುಳ್ಳ್ಯಾಕ ಹೇಳ್ಲಿ? ಮಂಗಳವಾರ ಬಂದಿದ್ದೆ. ನೀವು ಸೀರಿ ಕೊಡಾಕ ನಾರಾಯಣಪೇಟಿಗೆ ಹೋಗಿದ್ರಿ, ಅಳಿಯ ಗೋಪಾಲ್ ಲಾರಿ ಮ್ಯಾಲೆ ಹೋಗಿದ್ದ. ನವನೀತಾ ಒಬ್ಬಾಕಿನ ಇದ್ಳು. ಬಿಪಿ ನೋಡಿದೆ. ಎಂಟು ತಿಂಗಳ ಬಸುರಿಗೆ ಅಷ್ಟು ಇರಬಾರದು. "ಗದ್ವಾಲ ದವಾಖಾನಿಗೆ ನಡಿ ತಂಗಿ, ಈಗಿಂದೀಗ ನಡಿ" ಅಂದೆ. ಒಲ್ಲೆ ಅಂದ್ಳು. ಅಮ್ಮ ಬರ್ಲಿ ಅಂದ್ಳು. ನಾ ಏನ್ ಮಾಡ್ಲಿ ಹೇಳ್ರಿ?

ಮಗ್ಗ ಯಾಕ ನಿಲ್ಲಿಸಿದ್ರಿ? ನೇಯ್ರಿ, ನೇಯ್ರಿ... ಸದ್ದು ಇರ್ಲಿ.

ಈ ಕಾಗದ? ಗೋಪಾಲ್ ಗದ್ವಾಲ ಆಫೀಸಿನಿಂದ ತಂದಾನಲ್ಲ, ಮಂಗಳವಾರದ ಭೇಟಿ ಪ್ರಿಂಟು, ಅದ? ತರ್ರಿ ಇಲ್ಲಿ, ತಿಳಿಸಿ ಹೇಳ್ತೀನಿ. ನಿಮ್ಮೂರಾಗ ಫೋನ್ ಹತ್ತತೈತಿ, ನೆಟ್ ಎಲ್ಲೈತ್ರಿ? ಮನಿಮನಿ ತಿರುಗಿ ಟ್ಯಾಬಿನ್ಯಾಗ ಬರಕೋತೀವಿ. ಧರೂರಿಗೆ ಹೋದಾಗ ಎಲ್ಲಾ ಒಮ್ಮೆಲೇ ದೊಡ್ಡ ಕಂಪ್ಯೂಟರಿಗೆ ಹೋಗ್ತೈತಿ, ಸಿಂಕ್ ಅಂತಾರ. ಅದಕ್ಕ ಒಂದ ಚಿಂತಿ: ಇದು ಹೊಸಾ ದಾಖಲೆನೋ, ಹಳೇದನ್ನ ತಿದ್ದಿದ್ದೋ? ಹೆಂಗ ಗೊತ್ತಾಗ್ಬೇಕು? ಟೈಮು ನೋಡ್ತೈತಿ. ಈ ಕಾಗದದಾಗ ಮ್ಯಾಲಿಂದು ಮೊದಲ ಬರದ ಟೈಮು, ಕೆಳಗಿಂದು ಕಡೀಗೆ ತಿದ್ದಿದ ಟೈಮು. ತಿದ್ದಿದ್ದರ ಎರಡೂ ಬ್ಯಾರೆ ಬ್ಯಾರೆ. ಹೊಸಾದಿದ್ರ ಎರಡೂ ಒಂದ. ಇವನ್ನ ನಾವು ಹಾಕಾಕ ಬರಂಗಿಲ್ರೀ, ಟ್ಯಾಬ್ ತಾನ ಹಾಕ್ತೈತಿ. ಭೇಟಿ ತಾರೀಖು ಅಷ್ಟ ನಾವು ಹಾಕೋದು.

ಹೌದು, ಶುಕ್ರವಾರ ಅಂತ ಐತಿ. ಗುರುವಾರ ಆಕಿ ತೀರಿ ಹೋದ್ಳು, ಶುಕ್ರವಾರ ಯಾಕ ಬರದಿ ಅಂತ ಗೋಪಾಲ್ ಕೂಗ್ಯಾಡಿದ. ಬರದಿಲ್ರೀ, ತಿದ್ದಿದೆ! ಆಕಿ ಹೆಸರು ತಪ್ಪಾಗಿತ್ತು, ಸರಿ ಮಾಡಿದೆ. ಹೆಸರು ಅಷ್ಟ...

ಬೆರಳು ಯಾಕ ಇಟ್ರಿ ಅಲ್ಲಿ? ನಿಮಗ ಓದಾಕ ಬರಂಗಿಲ್ಲಲ್ಲ ಅಕ್ಕಾ...

ಮ್ಯಾಲಿಂದು. ಕೆಳಗಿಂದು. ಮತ್ತ ಮ್ಯಾಲಿಂದು...

ಹೂಂ. ಎರಡೂ ಒಂದ ಥರಾ ಅವ. ಶುಕ್ರವಾರ, ಹನ್ನೊಂದು ಇಪ್ಪತ್ತು. ಶುಕ್ರವಾರ, ಹನ್ನೊಂದು ಇಪ್ಪತ್ತು. ಪ್ರಿಂಟಿನ್ಯಾಗ ಏನೋ... ಒಮ್ಮೊಮ್ಮೆ ಟ್ಯಾಬು... ಮಿಷನ್ನಲ್ರೀ, ತಪ್ಪತೈತಿ.

ಏನಾರ ಅನ್ರಿ. ಬೈರಿ! ಹನ್ನೊಂದು ವರ್ಷ ಆತು ಈ ಊರಿಗೆ ಬಂದು, ಶುಭಾ ಸಿಸ್ಟರ್ ಶುಭಾ ಸಿಸ್ಟರ್ ಅಂತ ಬಾಯ್ತುಂಬ ಕರದೀರಿ. ಒಂದು ಮಾತು ಬೈರಿ. ಆ ಕಾಗದ ಹಂಗ ಮುಂದ ಹಿಡೀಬ್ಯಾಡ್ರಿ.

...ಮಂಗಳವಾರ ನಾ ಮಕ್ತಲಕ್ಕ ಹೋಗಿದ್ದೆ. ನಮ್ಮ ಬಸುರಿ ತಂಗಿ ಕುಬಸ ಇತ್ತು. ಹಸಿರು ಬಳಿ ತೊಡಿಸಾಕತ್ತಿದ್ವಿ, ಆಕಿ ಫೋನ್ ಬಂತು. "ತಲಿ ಸಿಡೀತೈತಿ ಸಿಸ್ಟರ್, ಕಣ್ಣು ಮಬ್ಬಾಗ್ಯಾವ" ಅಂದ್ಳು. ನನಗ ಗೊತ್ತಿತ್ತು ಅಕ್ಕಾ, ಅದು ಬಿಪಿ ಏರಿದ್ದಂತ ಗೊತ್ತಿತ್ತು! ಆದ್ರ ರಜಾ ಬರದಿರ್ಲಿಲ್ಲ. ಗಾಡಿ ಕಳಸ್ರಿ ಅಂತ ಮ್ಯಾಲಿನೋರಿಗೆ ಫೋನ್ ಮಾಡಿದ್ರ ನೀ ಎಲ್ಲಿದ್ದಿ ಅಂತಿದ್ರು. "ಮಜ್ಜಿಗಿ ಕುಡದು ಮಲ್ಕೋ, ನಾಳೆ ಬರ್ತೀನಿ" ಅಂದೆ. ಬುಧವಾರ ಬಸ್ ತಪ್ಪಿತು, ನೀವೂ ಇನ್ನಾ ಬಂದಿರ್ಲಿಲ್ಲ. ಗುರುವಾರ ಮುಂಜಾನೆ ಬಾಜೂ ಮನಿ ಶೇಖಮ್ಮ ಕದಾ ತಗದು ನೋಡೋದ್ರಾಗ ಫಿಟ್ಸ್ ಬಂದು...

ಶುಕ್ರವಾರ ನಿಮ್ಮನಿ ಮುಂದ ಜನ ಕೂತಿದ್ರು. ನಾ ಹಿಂದಿನ ಓಣ್ಯಾಗ ನಿಂತು ಬರದೆ. ಬಿಪಿ ಎಷ್ಟು ಅಂತ ಬರೀಲಿ? ಆಕಿ ಕೈನ ಮುಟ್ಟಿರ್ಲಿಲ್ಲ ನಾ. ಮನಸಿಗೆ ಬಂದ ನಂಬರ್ ಹಾಕಿದೆ. ಕೆಳಗ 'ದವಾಖಾನಿಗೆ ಹೋಗಾಕ ರೋಗಿ ಒಪ್ಪಲಿಲ್ಲ' ಅಂತ ಬರದೆ.

ಒಪ್ಪಿದ್ಳು ಅಕ್ಕಾ. ಫೋನಿನ್ಯಾಗ ತಾನ ಕೇಳಿದ್ಳು. "ಸಿಸ್ಟರ್, ಗಾಡಿ ಕಳಸ್ರಿ, ನಾ ಸೀರಿ ಬದಲಿಸಿ ತಯಾರಾಗಿ ಕೂಡ್ತೀನಿ" ಅಂತ.