ಹಸುವಿನ ಪುಡಿ ತಿಂದ ಹದಿನಾಲ್ಕು ಟಗರುಗಳ ಬಗ್ಗೆ

ಹೆಸರು: ಚಿಕ್ಕತಿಮ್ಮಪ್ಪ ಬಿನ್ ಸಣ್ಣತಿಮ್ಮಪ್ಪ. ವಯಸ್ಸು: 54 ವರ್ಷ. ಕಸುಬು: ವ್ಯವಸಾಯ ಮತ್ತು ದನಕುರಿಗಳ ನಾಟಿ ವೈದ್ಯ. ವಾಸ: ಮತ್ತೋಡು, ಹೊಸದುರ್ಗ ತಾಲ್ಲೂಕು.

ಠಾಣೆಗೆ ಸ್ವಂತ ಇಚ್ಛೆಯಿಂದ ಹಾಜರಾಗಿ ಬರೆಸುವ ಸಂಗತಿ ಏನೆಂದರೆ, ಹೊಸದುರ್ಗ, ಹಿರಿಯೂರು, ಹೊಳಲ್ಕೆರೆ ಈ ಮೂರು ತಾಲ್ಲೂಕುಗಳಲ್ಲಿ ನನ್ನ ಕೈ ಮುಟ್ಟಿದ ಮೇಲೆ ಸತ್ತ ನಾಲ್ಕು ಕಾಲಿನ ಪ್ರಾಣಿ ಮೊನ್ನೆಯವರೆಗೆ ಒಂದೂ ಇರಲಿಲ್ಲ. ಮೈಸೂರು ಅರಮನೆಯ ಆನೆಗೆ ಹೊಟ್ಟೆಯುಬ್ಬರ ಆದಾಗ ಕಾರು ಕಳಿಸಿ ನನ್ನನ್ನೇ ಕರೆಸಿಕೊಂಡಿದ್ದರು. ಈ ಮಾತಿಗೆ ಸಾಕ್ಷಿ ಯಾರೆಂದು ಹೆಡ್ ಕಾನ್‌ಸ್ಟೇಬಲ್ ಮುರುಗಪ್ಪನವರು ಕೇಳಿದರು. ಸಾಕ್ಷಿ ಆನೆಯೇ, ಅದು ಈಗ ಇಲ್ಲ. ಮುಂದಕ್ಕೆ ಹೇಳುತ್ತೇನೆ.

ನನ್ನ ಅಕ್ಕನ ಮಗಳು ಉಚ್ಚಂಗಮ್ಮ ಹದಿನಾಲ್ಕು ಟಗರುಗಳನ್ನು ಮರಿಯಿಂದ ಸಾಕಿದ್ದಳು. ಹೊಸದುರ್ಗದ ಸಂತೆಯಲ್ಲಿ ಮಾರುವ ಮೊದಲು ಅವುಗಳನ್ನು ಮೈದುಂಬಿಸಿ ಕೊಡುತ್ತೇನೆಂದು ನಾನು ಒಪ್ಪಿಕೊಂಡೆ. ದಿನಾಂಕ 12-1-1977ರಂದು ಚಿತ್ರದುರ್ಗದ ಒಂದು ಹಿಂಡಿ ಅಂಗಡಿಗೆ ಹೋದೆ. ಸೀಮೆಹಸುಗಳಿಗೆ ಶಕ್ತಿ ಬರಲೆಂದು ಹಾಕುವ ಖನಿಜದ ಪುಡಿ ಹತ್ತು ಕೆ.ಜಿ. ಚೀಲದಲ್ಲಿ ಬಂದಿತ್ತು. ಚೀಲದ ಮೇಲೆ ಹಸುವಿನ ಚಿತ್ರ, ಅದರ ಕೆಳಗೆ ಇಂಗ್ಲಿಷಿನಲ್ಲಿ ನಾಲ್ಕು ಸಾಲು. ಒಂದು ಹಸುವಿಗೆ ದಿನಕ್ಕೆ ಎರಡು ಚಮಚ ಎಂದು ಅಂಗಡಿಯವನು ತಿಳಿಸಿದ. ಕುರಿಗೆ ಎಷ್ಟು ಎಂದು ನಾನು ಕೇಳಲಿಲ್ಲ. ಕೇಳಿದರೆ ನನಗೆ ಗೊತ್ತಿಲ್ಲವೆಂದು ಅವನಿಗೆ ಗೊತ್ತಾಗುತ್ತಿತ್ತು.

ಮನೆಗೆ ತಂದ ಮೇಲೆ ಉಚ್ಚಂಗಮ್ಮ ಇದು ಕುರಿಗೆ ಆಗುತ್ತದೆಯೇ ಎಂದು ಕೇಳಿದಳು. ನಾನು ಚೀಲವನ್ನು ಬಾಗಿಲ ಬೆಳಕಿಗೆ ಹಿಡಿದು, ಸಾಲಿನ ಮೇಲೆ ಬೆರಳಾಡಿಸಿ, ಕುರಿಗೆ ಇನ್ನೂ ಒಳ್ಳೆಯದೆಂದು ಬರೆದಿದ್ದಾರೆ ಎಂದೆ. ನಾನು ಓದಿದ್ದು ಮತ್ತೋಡಿನ ಶಾಲೆಯಲ್ಲಿ ನಾಲ್ಕನೇ ತರಗತಿಯವರೆಗೆ, ಕನ್ನಡದಲ್ಲಿ.

13-1-1977ರಿಂದ 26-2-1977ರವರೆಗೆ ನಲವತ್ತೈದು ದಿನ ಒಂದೊಂದು ಟಗರಿಗೂ ಹಸುವಿನ ಪಾಲು ಎರಡು ಚಮಚವನ್ನೇ ಕೊಟ್ಟೆ. ಬರೀ ಪುಡಿಯನ್ನು ಕುರಿ ಮೂಸಿ ಬಿಡುತ್ತದೆ. ಆದ್ದರಿಂದ ನಮ್ಮ ಕಡೆ ಟಗರು ಕೊಬ್ಬಿಸುವ ಪದ್ಧತಿಯಂತೆ ಶೇಂಗಾ ಹಿಂಡಿ, ಹುರುಳಿ ನುಚ್ಚಿನಲ್ಲಿ ಕಲಸಿ, ಉಂಡೆ ಕಟ್ಟಿ, ದವಡೆ ಬಿಡಿಸಿ ಕೈಯಾರೆ ಬಾಯಿಗಿಟ್ಟೆ. ಒಂದು ಉಂಡೆಯೂ ನೆಲಕ್ಕೆ ಬೀಳಲಿಲ್ಲ. ಟಗರುಗಳ ಬೆನ್ನು ಹಲಗೆಯಂತಾಯಿತು. ನೋಡಲು ಊರಿಗೆ ಊರೇ ಬಂತು, ಅಂದರೆ ನಾಲ್ಕು ಜನ.

26-2-1977ರಂದು ಸಂಜೆ 5 ಗಂಟೆಗೆ ಟಗರುಗಳು ಪಕ್ಕದ ಕೆಂಚಪ್ಪನ ಕಡಲೆ ಹೊಲಕ್ಕೆ ನುಗ್ಗಿದವು. ಇನ್ನೊಂದು ಸಲ ಬಂದರೆ ಒಂದೂ ಜೀವಂತ ವಾಪಸ್ ಹೋಗುವುದಿಲ್ಲ ಎಂದು ಕೆಂಚಪ್ಪ ಹತ್ತು ಜನರ ಎದುರು ಕೂಗಾಡಿದ.

27-2-1977ರಂದು ಬೆಳಿಗ್ಗೆ 6 ಗಂಟೆಗೆ ನಾನು ಮತ್ತು ಉಚ್ಚಂಗಮ್ಮ ಟಗರುಗಳನ್ನು ಹೊಡೆದುಕೊಂಡು ಸಂತೆಗೆ ಹೊರಟೆವು. ನಾಲ್ಕು ಫರ್ಲಾಂಗು ಹೋದ ಮೇಲೆ ಕೆಂಚಪ್ಪನ ಬಾವಿ ಬಂತು. ಅವನು ಬಾವಿಯ ಹತ್ತಿರವೇ ನಿಂತಿದ್ದ.

"ತಿಮ್ಮಣ್ಣ, ನಿನ್ನೆ ಬೈದಿದ್ದು ಬೈದಾತು. ಮುಂದೆ ದಾರೀಲಿ ಬಿಸ್ಲು ಐತೆ, ಕುರೀಗೆ ನೀರು ಕುಡಿಸ್ಕಂಡು ಹೋಗು" ಎಂದ. ತಾನೇ ಸೇದಿ ತೊಟ್ಟಿಗೆ ಹಾಕಿದ. ಎಲ್ಲವೂ ಕುಡಿದವು.

8-15ಕ್ಕೆ, ಮೂರನೇ ಮೈಲಿಯಲ್ಲಿ, ಎಲ್ಲಕ್ಕೂ ಮುಂದಿದ್ದ ಟಗರು ಮಂಡಿಯೂರಿತು. ಮೂತ್ರ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ಬಂತು. ರೆಪ್ಪೆ ಬಿಡಿಸಿ ನೋಡಿದರೆ ಒಳಗೆಲ್ಲ ಅರಿಶಿನ ಹಚ್ಚಿದಂತಿತ್ತು. ಮಧ್ಯಾಹ್ನ 12ರೊಳಗೆ ಆರು, ಸಂಜೆ 4ರೊಳಗೆ ಇನ್ನೂ ಐದು ಸತ್ತವು. ಉಚ್ಚಂಗಮ್ಮ ಒಂದೊಂದನ್ನೂ ಹೆಸರು ಹಿಡಿದು ಕೂಗಿದಳು. ಅವುಗಳಿಗೆ ಹೆಸರಿದ್ದದ್ದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಅಂದೇ ಸಂಜೆ 6-30ಕ್ಕೆ ಇದೇ ಠಾಣೆಗೆ ಬಂದು, ಕೆಂಚಪ್ಪ ತೊಟ್ಟಿಯ ನೀರಿಗೆ ವಿಷ ಬೆರೆಸಿದ್ದನ್ನು ಕಣ್ಣಾರೆ ನೋಡಿದೆನೆಂದು ದೂರು ಬರೆಸಿದೆ. ನಾನು ನೋಡಿರಲಿಲ್ಲ. 28ನೇ ತಾರೀಖು ಬೆಳಿಗ್ಗೆ ಕೆಂಚಪ್ಪನನ್ನು ಠಾಣೆಗೆ ತಂದು ಕೂಡಿಹಾಕಿದರು.

ಅದೇ ದಿನ 11 ಗಂಟೆಗೆ ಪಶು ಆಸ್ಪತ್ರೆಯ ಡಾಕ್ಟರು ಮೂರು ಟಗರುಗಳನ್ನು ಕೊಯ್ದು ನೋಡಿದರು. ನಾನು ಐದು ಅಡಿ ದೂರದಲ್ಲಿ ನಿಂತಿದ್ದೆ. ಕಲೀಜ, ಅಂದರೆ ಯಕೃತ್ತು, ಹಳದಿಯಾಗಿ, ಬೆರಳು ಒತ್ತಿದರೆ ಪುಡಿಯಾಗುವಂತಿತ್ತು. ಮೂತ್ರಪಿಂಡಗಳು ಮಸಿ ಹಿಡಿದ ಬಾಣಲೆಯ ತಳದಂತೆ ಕಪ್ಪಾಗಿದ್ದವು. ಮೇವಿನ ಜೊತೆ ಬೇರೆ ಏನಾದರೂ ಹಾಕಿದ್ದಿರಾ ಎಂದು ಡಾಕ್ಟರು ಎರಡು ಸಲ ಕೇಳಿದರು. ಬರೀ ಹಸಿ ಹುಲ್ಲು ಎಂದು ಎರಡು ಸಲವೂ ಹೇಳಿದೆ. ಉಚ್ಚಂಗಮ್ಮ ನನ್ನ ಮುಖ ನೋಡಿದಳು.

1-3-1977ರಂದು ಅವಳು ನನಗೆ ಹೇಳದೆ ಖಾಲಿ ಚೀಲವನ್ನು ಮಡಿಸಿಕೊಂಡು ಆಸ್ಪತ್ರೆಗೆ ಹೋದಳು. ಡಾಕ್ಟರು ಅವಳಿಗೆ ಹೇಳಿದ್ದು ಇಷ್ಟು. ಪುಡಿಯಲ್ಲಿ ತಾಮ್ರದ ಅಂಶ ಇದೆ. ಹಸು ಹೆಚ್ಚಾದದ್ದನ್ನು ಹೊರಗೆ ಹಾಕುತ್ತದೆ, ಕುರಿಗೆ ಆ ಶಕ್ತಿ ಕಡಿಮೆ. ಅದು ಕಲೀಜದಲ್ಲಿ ದಿನದಿನಕ್ಕೂ ಸೇರುತ್ತಾ ಹೋಗುತ್ತದೆ, ಮೇಲೆ ನೋಡಿದರೆ ಪ್ರಾಣಿ ಚೆನ್ನಾಗಿಯೇ ಇರುತ್ತದೆ. ದೂರ ನಡೆಸಿಯೋ ಬೆದರಿಸಿಯೋ ಮೈ ದಣಿದ ದಿನ ಎಲ್ಲವೂ ಒಮ್ಮೆಗೇ ರಕ್ತಕ್ಕೆ ಬಿದ್ದು ರಕ್ತ ಒಡೆಯುತ್ತದೆ, ಆ ಒಡೆದ ರಕ್ತವೇ ಮೂತ್ರಪಿಂಡವನ್ನು ಕೆಡಿಸುತ್ತದೆ. ಕುರಿಗೆ ಕೊಡಕೂಡದು ಎಂದು ಚೀಲದ ನಾಲ್ಕನೇ ಸಾಲಿನಲ್ಲೇ ಇದೆ. ಉಳಿದ ಮೂರರಲ್ಲಿ ಎರಡರ ಕಣ್ಣೂ ಹಳದಿಯಾಗಿದೆ.

ಸಂಜೆ 5ಕ್ಕೆ ಅವಳು ನಮ್ಮ ಮನೆಗೆ ಬಂದು ಚೀಲವನ್ನು ನನ್ನ ಮುಂದೆ ಹಾಸಿದಳು.

"ಮಾವ, ಇನ್ನೊಂದ್ಸಲ ಓದು" ಎಂದಳು.

ನಾನು ಚೀಲವನ್ನು ಮಡಿಸತೊಡಗಿದೆ. ಅವಳು, ಟಗರು ಹೋದದ್ದನ್ನು ತಡೆದುಕೊಳ್ಳುತ್ತೇನೆ, ನೀರು ಕೊಟ್ಟವನನ್ನು ಒಳಗೆ ಕೂರಿಸಿದ್ದನ್ನು ತಡೆದುಕೊಳ್ಳಲಾರೆ, ನಾಳೆ ಠಾಣೆಗೆ ನೀನು ಹೋಗದಿದ್ದರೆ ನಾನೇ ಹೋಗುತ್ತೇನೆ ಎಂದು ಹೇಳಿ ಎದ್ದಳು. ನನ್ನ ಹೆಂಡತಿ ಕೊಟ್ಟ ಕಾಫಿಯನ್ನು ಮುಟ್ಟಲಿಲ್ಲ.

ಈ ದಿನ 9-40ಕ್ಕೆ ಠಾಣೆಯ ಬಾಗಿಲಿಗೆ ಬಂದೆ. ಕೆಂಚಪ್ಪನ ಹೆಂಡತಿ ಕಾಳಕ್ಕ ಮುದ್ದೆಯ ಬುತ್ತಿ ಹಿಡಿದು ಮೆಟ್ಟಿಲ ಮೇಲೆ ಕುಳಿತಿದ್ದಳು.

"ಏನ್ ತಿಮ್ಮಣ್ಣ, ಇವತ್ತು ಯಾರ ಮ್ಯಾಲೆ ಬರ್ಸಾಕೆ ಬಂದೆ?" ಎಂದಳು.

ನನ್ನ ಮೇಲೆಯೇ ಎಂದೆ. ಅವಳು ನಂಬಲಿಲ್ಲ.

ಕೆಂಚಪ್ಪ ನೀರಿಗೆ ಏನನ್ನೂ ಬೆರೆಸಿಲ್ಲ. ನನ್ನ ಹಿಂದಿನ ದೂರು ಸುಳ್ಳು. ಅವನನ್ನು ಬಿಟ್ಟುಬಿಡಬೇಕು. ಸುಳ್ಳು ದೂರಿಗೆ ಕಾನೂನಿನಂತೆ ನನ್ನ ಮೇಲೆ ಏನು ಕ್ರಮ ಇದೆಯೋ ಅದಕ್ಕೆ ಒಪ್ಪಿದ್ದೇನೆ.

ಕೊನೆಗೆ ಮುರುಗಪ್ಪನವರು ನಷ್ಟದ ಮೊತ್ತ ಕೇಳಿದರು. ದೂರಿನಲ್ಲಿ ಟಗರುಗಳು ನನ್ನವೆಂದೂ, ನಷ್ಟ ಮೂರು ಸಾವಿರವೆಂದೂ ಬರೆಸಿದ್ದೆ. ಅದನ್ನು ಹೊಡೆದುಹಾಕಬೇಕು. ಟಗರುಗಳಲ್ಲಿ ನನ್ನದು ಒಂದೂ ಇಲ್ಲ, ಹದಿನಾಲ್ಕೂ ಉಚ್ಚಂಗಮ್ಮನವು. ಪುಡಿಯ ಚೀಲಕ್ಕೆ ಇಪ್ಪತ್ತಾರು ರೂಪಾಯಿ ಐವತ್ತು ಪೈಸೆ ಆಗಿತ್ತು. ಅದರಲ್ಲಿ ಇಪ್ಪತ್ತು ರೂಪಾಯಿ ಅವಳೇ ಕೊಟ್ಟಿದ್ದಳು. ನಾನು ಕಳೆದುಕೊಂಡದ್ದು ಆರು ರೂಪಾಯಿ ಐವತ್ತು ಪೈಸೆ.

ಬರೆದದ್ದನ್ನು ಓದಿಸಿ ಕೇಳಿದ್ದೇನೆ. ಆನೆಯ ವಿಷಯ ಒಂದನ್ನು ಬಿಟ್ಟು ಉಳಿದೆಲ್ಲವೂ ನಡೆದಂತೆಯೇ ಇದೆ.

ಸ್ಥಳ: ಹೊಸದುರ್ಗ
ದಿನಾಂಕ: 2-3-1977
(ರುಜು) ಚಿಕ್ಕತಿಮ್ಮಪ್ಪ