ಟ್ರಾಫಿಕ್ ಇದ್ರೆ ಉಳಿತಾಯ

...ಮತ್ತೆ ಅಂಗೈ ಇಟ್ಟೆಯಲ್ಲ ಅಪ್ಪ. ಯಾವ ಗಾಡಿ ಹತ್ತಿದ್ರೂ ಇದೇ ನಿಂದು. ಡ್ಯಾಶ್‌ಬೋರ್ಡ್ ಮೇಲೆ ಬಲಗೈ ಇಟ್ಟು, ಕಣ್ಣು ಮುಚ್ಚಿ, ಇಂಜಿನ್ ನಡುಕ ಕೈಗೆ ಸಿಗೋ ತನಕ ಹಾಗೇ ಕೂತಿರೋದು. ಮಂಡಿಲಿ ಹರಾಜು ಕೂಗೋ ಕೆಲಸ ಹಿಡಿಯೋಕೆ ಮುಂಚೆ ಟೊಮೇಟೊ ಟೆಂಪೋ ಓಡಿಸ್ತಿದ್ದೆಯಲ್ಲ, ಆಗ ಬಂದ ಅಭ್ಯಾಸ. ಇದಕ್ಕೆ ನಡುಕ ಇಲ್ಲ. ಆನ್ ಆಗಿದೆ, ಹಸಿರು ದೀಪ ನೋಡು. ಬಟನ್ ಮತ್ತೆ ಒತ್ತಬೇಡ... ಒತ್ತಿದೆ. ಆಗಿಂದ ಆನ್ ಆಗಿರೋ ಗಾಡೀನ ನೀನೇ ಆಫ್ ಮಾಡ್ತಾ ಕೂತಿದೀಯ.

ಇರಲಿ, ಬಿಡು. ತಾಜ್ ಪಾಷಾ ಅಂಕಲ್ ಚಾ ಹೇಳಿ ಬರ್ತೀನಿ ಅಂತ ಹೋದ್ರು. ಅವರು ಬರೋಷ್ಟರಲ್ಲಿ ಮಾತಾಡಿಬಿಡೋಣ. ಗಾಡಿ ಮಾರೋರ ಮುಂದೆ ನಂಗೆ ಬಾಯಿ ಬರಲ್ಲ, ಗೊತ್ತಲ್ಲ. 'ಏನಮ್ಮಾ ವಾಣಿಶ್ರೀ, ಫೀಸ್ ಕಟ್ಟಿ ಇಂಗ್ಲಿಷ್ ಸ್ಕೂಲಲ್ಲಿ ಸುಮ್ಮನಿರೋದು ಕಲಿಸಿದ್ರಾ' ಅಂತಾರೆ. ನಗು, ನಗು.

ಈ ಹೈಬ್ರಿಡ್ ಬೇಡ ಅಪ್ಪ.

ಗೊತ್ತು, ಅಮ್ಮನಿಗೋಸ್ಕರಾನೇ ಬಂದಿದ್ದು. ಕೀಮೋ ಮುಗಿಸಿ ಬರುವಾಗ ಬಾಡಿಗೆ ಕಾರಿನ ವಾಸನೆಗೇ ಅವಳಿಗೆ ವಾಂತಿ. ಇದು ಅಲುಗಲ್ಲ, ತಣ್ಣಗಿರುತ್ತೆ, ಕಾಲು ಚಾಚಿ ಮಲಗಬಹುದು. ಎಲ್ಲಾ ನಿಜ. ಆದ್ರೆ ಲೆಕ್ಕ ಹಾಕು ಅಂದಿದ್ದು ನೀನೇ ಅಲ್ವಾ? ಹಾಕಿದೀನಿ.

ಪೆಟ್ರೋಲ್ ಉಳಿಯುತ್ತೆ, ಇಲ್ಲ ಅನ್ನಲ್ಲ. ಎಲ್ಲಿ ಉಳಿಯುತ್ತೆ ಅನ್ನೋದು ಮುಖ್ಯ. ಗಾಡಿ ನಿಂತು ನಿಂತು ತೆವಳೋ ಕಡೆ. ಆಗ ಇಂಜಿನ್ ಮಲಗುತ್ತೆ, ಬ್ಯಾಟರಿ ಎಳೆಯುತ್ತೆ, ಬ್ರೇಕ್ ಒತ್ತಿದಾಗೆಲ್ಲ ಇಷ್ಟಿಷ್ಟು ಮತ್ತೆ ತುಂಬ್ಕೊಳ್ಳುತ್ತೆ. ನಮ್ಮ ಶ್ರೀನಿವಾಸಪುರದಿಂದ ಕೋಲಾರದ ಮಂಡಿ ತನಕ ನೀನು ಬ್ರೇಕ್ ಮುಟ್ಟೋದು ಎಲ್ಲಿ ಹೇಳು? ಮೇಕೆ ಅಡ್ಡ ಬಂದ್ರೆ ಉಂಟು. ಖಾಲಿ ರೋಡಲ್ಲಿ ಇದೂ ಮಿಕ್ಕ ಗಾಡಿಗಳ ಥರಾನೇ, ಒಂಚೂರು ಮೈಲೇಜ್ ಹೆಚ್ಚು ಕೊಡಬಹುದು ಅಷ್ಟೇ.

ದೊಡ್ಡ ಬ್ಯಾಟರಿ ಕೈ ಕೊಡ್ತು ಅನ್ಕೋ. ವಾರಂಟಿ ಮುಗಿದಿದೆ, ನಮ್ಮ ಕಡೆ ಮೆಕ್ಯಾನಿಕ್‌ಗಳು ಇದನ್ನ ಮುಟ್ಟಲ್ಲ. ಆ ಒಂದು ರಿಪೇರಿ ದುಡ್ಡಲ್ಲಿ ಸಾದಾ ಗಾಡಿಗೆ ಎಷ್ಟು ವರ್ಷ ಪೆಟ್ರೋಲ್ ಹಾಕಿಸಬಹುದು ಗೊತ್ತಾ? ಬಗ್ಗು, ಹಿಂದಿನ ಸೀಟ್ ಪಕ್ಕದ ಜಾಲರಿ ನೋಡು. ಬ್ಯಾಟರಿಗೆ ಗಾಳಿ ಹೋಗೋದು ಅಲ್ಲಿಂದ. ಒಳಗೆಲ್ಲಾ ನಾಯಿ ಕೂದಲು. ಹಿಂದಿನವರು ಒಂದು ಸಲಾನೂ ತೆಗೆಸಿಲ್ಲ.

ಅಂಕಲ್ ಗಟ್ಟಿ ಗಾಡಿ ಅಂತಾರೆ, ಅವರು ಇನ್ನೇನು ಅಂತಾರೆ? 'ಹೈಬ್ರಿಡ್ ಅಲ್ವಾ, ಸಿಪ್ಪೆ ದಪ್ಪ, ಬೇಗ ಕೆಡಲ್ಲ' ಅಂತ ನೀನು ಬೇರೆ. ಅದು ಟೊಮೇಟೊ ಅಪ್ಪ.

ಆ ಮೂಲೆಲಿರೋ ಬಿಳಿ ಗಾಡಿ ಸಾಕು. ಸಾದಾ ಪೆಟ್ರೋಲ್. ನಮ್ಮ ಓಡಾಟ ಎಷ್ಟಿದೆ? ನೀನು ಮಂಡಿಗೆ ಬಂದು ಹೋಗೋದು. ಅಮ್ಮ ಕೇಳಿದಾಗ ಮುಳಬಾಗಿಲು ದೊಡ್ಡಮ್ಮನ ಮನೆ. ಅಷ್ಟೇ ತಾನೆ.

ಏನು? ...ಬೆಂಗಳೂರಾ.

ಹೂಂ. ಕೆ.ಆರ್. ಪುರದಲ್ಲಿ ಗಾಡಿ ತೆವಳುತ್ತೆ. ಅಲ್ಲಿಂದ ಆಸ್ಪತ್ರೆ ತನಕಾನೂ ತೆವಳುತ್ತೆ. ಉಳಿಯೋದೇ ಅಲ್ಲಿ. ವಾರವಾರ ಹೋಗಿ ಬಂದ್ರೆ ಬ್ಯಾಟರಿ ದುಡ್ಡೂ ಹುಟ್ಟುತ್ತೆ... ನಿನ್ನ ಲೆಕ್ಕ ಸರಿ ಇದೆ.

ನಾನು ಅದನ್ನ ಸೇರಿಸಿಲ್ಲ.

ಇಲ್ಲ, ಮರೆತಿಲ್ಲ.

ಬೇಕಾದಾಗ ಬಾಡಿಗೆ ಕಾರು ಮಾಡ್ಕೊಂಡ್ರಾಯ್ತು ಅಂತ... ಹೌದು, ವಾಂತಿ ಆಗುತ್ತೆ. ಈಗ ತಾನೇ ನಾನೇ ಹೇಳಿದೆ.

ಅಪ್ಪ, ಹಾಗೆ ನೋಡಬೇಡ. ಏನಾದ್ರೂ ಬಯ್ಯಿ. ಮಂಡಿಲೆಲ್ಲಾ ಕೇಳೋ ಗಂಟಲು ನಿಂದು.

ಹೋದ ವಾರ ಸೀಸನ್ ಜೋರು, ಬರಕ್ಕಾಗಲ್ಲ, ನೀನೇ ಕರ್ಕೊಂಡು ಹೋಗು ಅಂದೆಯಲ್ಲ. ಡಾಕ್ಟರ್ ನನ್ನ ಮುಖ ನೋಡ್ಕೊಂಡು ಇಂಗ್ಲಿಷಲ್ಲಿ ಹೇಳಿದ್ರು. ಎಲ್ಲಾ ಅರ್ಥ ಆಯ್ತು. ನಮಗೆ ಅರ್ಥ ಆಗಲಿ ಅಂತಾನೇ ನೀನು ಓದಿಸಿದ್ದು. ಅಮ್ಮ ಪಕ್ಕದಲ್ಲೇ ಕೂತು ಏನಂತೆ, ಏನಂತೆ ಅಂತ ನನ್ನ ತೋಳು ಎಳೀತಿದ್ಲು. ನಂಗೆ ಕನ್ನಡದಲ್ಲಿ ಮಾತು ಸಿಗಲಿಲ್ಲ. ಮನೇಲಿ ಆಡೋ ತೆಲುಗಲ್ಲೂ ಸಿಗಲಿಲ್ಲ. ಕೊನೆಗೆ ಅವಳೇ ಅಂದ್ಲು, 'ಇಂಕ ಚಾಲಮ್ಮಾ.' ಇನ್ನು ಸಾಕು. ಡಾಕ್ಟರಿಗೆ ಕೈ ಮುಗಿದು ಎದ್ದುಬಿಟ್ಲು. ಅವರು ಕೂತ್ಕೊಳ್ಳಿ ಅನ್ನಲಿಲ್ಲ ಅಪ್ಪ. ಮುಂದಿನ ವಾರ ಬನ್ನಿ ಅಂತಾನೂ ಅನ್ನಲಿಲ್ಲ.

ಸೀಸನ್ ಮುಗಿಯೋ ತನಕ ನಿಂಗೆ ಹೇಳಬೇಡ ಅಂತ ಬಸ್‌ಸ್ಟ್ಯಾಂಡಲ್ಲಿ ಕೈ ಮೇಲೆ ಕೈ ಹಾಕಿಸಿ ಆಣೆ ಮಾಡಿಸ್ಕೊಂಡ್ಲು. ಅಪ್ಪ ಹರಾಜಿನ ಮಧ್ಯೆ ಕೂಗೋದು ಬಿಟ್ಟು ನಿಂತುಬಿಡ್ತಾರೆ ಅಂತ. ಅದಕ್ಕೇ ನಾನು ಬ್ಯಾಟರಿ, ನಾಯಿ ಕೂದಲು ಅಂತ ಏನೇನೋ...

ಕೂದಲು ಇರೋದೂ ನಿಜಾನೇ.

ಅಂಕಲ್ ಬರ್ತಿದಾರೆ. ಮೂರು ಲೋಟ ಚಾ ಹಿಡ್ಕೊಂಡು, ಸಕ್ಕರೆ ಕಮ್ಮಿ ಹಾಕಿಸಿದೀನಿ ಅಂತ ಅಲ್ಲಿಂದಾನೇ ಕೂಗ್ತಿದಾರೆ. ಈಗ ಅಮ್ಮನ ಬಗ್ಗೆ 'ಅಕ್ಕ ಹೇಗಿದಾರೆ' ಅಂತ ಕೇಳ್ತಾರೆ, ಕೇಳದೆ ಬಿಡಲ್ಲ. ನನ್ನ ಕೈಲಿ ಆಗಲ್ಲ. ನೀನೇ ಏನಾದ್ರೂ ಹೇಳಪ್ಪ.